ಹಿತ್ತಲ ಇರುವೆಗಳು

ನುಂಗಿದ ಗುಳಿಗೆಯ ಹಿಂದೆಯೇ ತಿಂದ ರೊಟ್ಟಿಯೂ ಬಾಯಿಗೆ ಬಂತು. ಆದೋನಿಯ ಹತ್ತಿ ವ್ಯಾಪಾರಿ ಗುರುಪಾದಯ್ಯ ಹಿತ್ತಲ ಗೋಡೆ ಹಿಡಿದು ವಾಂತಿ ಮಾಡಿಕೊಂಡು, ಸಿಹಿಮೂತ್ರದ ರೋಗಕ್ಕೆಂದು ಮದರಾಸಿನಿಂದ ತರಿಸಿ ಹದಿನೈದು ದಿನದಿಂದ ನುಂಗುತ್ತಿದ್ದ ಈ ಗುಳಿಗೆಯನ್ನು ಇನ್ನು ಮುಟ್ಟುವುದಿಲ್ಲ ಎಂದುಕೊಂಡ. ಆಗ ತಾನು ದಿನಾ ಉಚ್ಚೆ ಹೊಯ್ಯುವ ಕಲ್ಲಿನ ಮೇಲೆ ಕಣ್ಣು ಬಿತ್ತು. ಎರಡು ವರ್ಷದಿಂದ ಅಲ್ಲಿ ಕಪ್ಪಗೆ ಮುತ್ತುತ್ತಿದ್ದ ಇರುವೆಗಳಲ್ಲಿ ಒಂದೂ ಇರಲಿಲ್ಲ.

"ಪಂಪಾ, ಇರುವಿ ಹೋಗ್ಯಾವ ನೋಡು!"

"ಗುಳಿಗಿ ಹತ್ತೈತ್ರಿ, ಬಿಡಬ್ಯಾಡ್ರಿ," ಹೆಂಡತಿ ಪಂಪಮ್ಮ ಒಳಗಿನಿಂದಲೇ ಅಂದಳು. "ನಾಳಿಂದ ಊಟದ ನಡುವ ನುಂಗ್ರಿ. ಮಜ್ಜಿಗಿ ಅನ್ನ ಕಲಸಿ ಕೊಡ್ತೀನಿ, ವಾಂತಿ ಆಗಂಗಿಲ್ಲ." ಬಳಿಕ ಅವಳು ಗಟಗಟನೆ ನೀರು ಕುಡಿದ ಸದ್ದು ಕೇಳಿಸಿತು. ಮುಂಜಾನೆಯಿಂದ ಅದು ಐದನೆಯ ಚೆಂಬು.

ಗುರುಪಾದಯ್ಯ ನಗುತ್ತ ತಿರುಗಿದವನು ಹಾಗೇ ನಿಂತ. ಇರುವೆಗಳು ಹೋಗಿರಲಿಲ್ಲ. ಗೋಡೆಯ ಬುಡದಲ್ಲಿ ಒಂದಕ್ಕೊಂದು ಗುಟ್ಟು ಹೇಳಿಕೊಳ್ಳುವಂತೆ ನಿಂತು ನಿಂತು, ಅವನ ಕಲ್ಲನ್ನು ಬಳಸಿಕೊಂಡು ಆಚೆಗೆ ಹೊರಟಿದ್ದವು. ಅವನು ಸಾಲಿನ ಹಿಂದೆಯೇ ನಡೆದ. ಅದು ತಡಿಕೆಯ ಮರೆಗೆ ಹೋಗಿ, ಪಂಪಮ್ಮ ಒಬ್ಬಳೇ ಬಳಸುವ ಬಚ್ಚಲಿನ ತೂಬಿಗೆ ಕಪ್ಪಗೆ ಮುತ್ತಿಕೊಂಡಿತ್ತು.

ಅವಳು ಕುಡಿದ ಐದು ಚೆಂಬು ನೀರು ಅವನಿಗೆ ನೆನಪಾಯಿತು.

"ಪಂಪಾ," ಎಂದು ಮೆಲ್ಲಗೆ ಕರೆದ. "ಬ್ಯಾರೆ ಸೀರಿ ಉಟ್ಕಂಡು ಬಾ. ಡಾಕ್ಟ್ರ ಹತ್ರ ಇಬ್ರೂ ಹೋಗೋಣ."