ಯಾರೂ ಇಲ್ಲದ ಮನೆ

ಆಸಿಡ್ ಗೋದಾಮನ್ನು ನೋಡಿ ಮುಗಿಸಿದ ತಪಾಸಣೆಯ ಅಧಿಕಾರಿ ಹಿಂದಿನ ಬಾಗಿಲು ತೆಗೆಸಿ ಅಂಗಳಕ್ಕೆ ಇಳಿದಾಗ ಸ್ಟೋರ್‌ಕೀಪರ್ ಗೋದಾಮಿನ ಮಾಲೀಕನ ಮುಖ ನೋಡಿದ.

"ಅದೇನದು? ಮನೆ ಇದ್ದ ಹಾಗಿದೆಯಲ್ಲ?" ಎಂದು ಆಕೆ ಕೇಳಿದಳು.

"ಮನೆಯಲ್ಲ ಮೇಡಂ, ಹಳೇ ಸಾಮಾನು ಹಾಕೋ ರೂಮು," ಎಂದ ಮಾಲೀಕ, ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ.

ಅದು ಸ್ಟೋರ್‌ಕೀಪರನ ಮನೆ. ಇಂಥ ಗೋದಾಮಿನ ಪಕ್ಕದಲ್ಲಿ ಜನ ವಾಸವಿರಬಾರದೆಂಬುದು ಸರ್ಕಾರದ ನಿಯಮ; ಇದ್ದರೆ ಲೈಸೆನ್ಸ್ ಇಲ್ಲ. ಹಾಗಾಗಿ ತಪಾಸಣೆ ಬಂದಾಗಲೆಲ್ಲ ಒಂದು ಹೊತ್ತಿನ ಮಟ್ಟಿಗೆ ಆ ಮನೆ ಮನೆಯಾಗಿರುವುದನ್ನು ಬಿಡಬೇಕಿತ್ತು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಬೇಕು, ಚಪ್ಪಲಿಗಳನ್ನು ಒಳಗಿಡಬೇಕು, ಇದಕ್ಕೆಂದೇ ಇಟ್ಟುಕೊಂಡಿದ್ದ ತುಕ್ಕು ಹಿಡಿದ ಬೀಗ ಜಡಿಯಬೇಕು. ಹೊಸ ಬೀಗ ಕಂಡರೆ ಅನುಮಾನ ಬರುತ್ತದಂತೆ. ಅದು ಮಾಲೀಕನ ತಲೆ. ಹೆಂಡತಿ ಬೆಳಿಗ್ಗೆಯೇ ಮಕ್ಕಳನ್ನು ಕರೆದುಕೊಂಡು ತನ್ನ ಅಕ್ಕನ ಮನೆಗೆ ಹೋಗಿದ್ದಳು. ಹಾಸಿಗೆ ಹಿಡಿದ ಅಮ್ಮನನ್ನು ಮಾತ್ರ ಎಲ್ಲಿಗೂ ಸಾಗಿಸುವಂತಿರಲಿಲ್ಲ. ಆಸಿಡ್ಡಿನ ಘಾಟಿಗೆ ಹತ್ತಿಕೊಂಡ ಕೆಮ್ಮು ಆಕೆಯನ್ನು ಎರಡು ಮಾತು ಪೂರ್ತಿ ಆಡಲು ಬಿಡುತ್ತಿರಲಿಲ್ಲ.

"ಅಮ್ಮಾ, ಅವರು ಹೋಗೋ ತನಕ ಕೆಮ್ಮಬೇಡ," ಎಂದಿದ್ದ ಬೀಗ ಹಾಕುವ ಮುಂಚೆ.

"ನಂಗೇನೋ ಹೇಳ್ದೆ. ಕೆಮ್ಮಿಗೂ ಒಂದು ಮಾತು ಹೇಳಿ ಹೋಗು," ಎಂದು ಅಮ್ಮ ನಕ್ಕಿದ್ದಳು. ನಗುವಾಗಲೂ ಕೆಮ್ಮಿದ್ದಳು.

ಅಧಿಕಾರಿ ನೇರ ಆ ಬಾಗಿಲಿಗೇ ಹೋಗಿ ನಿಂತಳು. ಕಿಟಕಿಯ ಮೇಲಿನ ಹೊಗೆ ಮಸಿಯನ್ನು ಬೆರಳಲ್ಲಿ ಒರೆಸಿ ನೋಡಿದಳು.

"ಹಳೇ ಸಾಮಾನಿಗೆ ಅಡುಗೆ ಬೇರೆ ಮಾಡಿ ಹಾಕ್ತೀರಾ?"

"ಮುಂಚೆ ವಾಚ್‌ಮನ್ ಒಬ್ಬ ಇದ್ದ ಮೇಡಂ. ಅವನು ಬಿಟ್ಟು ಹೋಗಿ ಯಾವ ಕಾಲ ಆಯ್ತು," ಎಂದ ಮಾಲೀಕ.

ಆಕೆ ಅವನನ್ನು ಬಿಟ್ಟು ಸ್ಟೋರ್‌ಕೀಪರನ ಕಡೆ ತಿರುಗಿದಳು. "ನೀವು ಹೇಳಿ. ಹೆದರ್ಕೋಬೇಡಿ. ಇಲ್ಲಿ ಯಾರಾದ್ರೂ ಇದ್ರೆ ಮಾಲೀಕರು ದೂರದಲ್ಲಿ ಬೇರೆ ಮನೆ ಮಾಡಿ ಕೊಡ್ಲೇಬೇಕು. ಅದೂ ನಿಯಮಾನೇ."

"ಕೊಡೋಣ ಮೇಡಂ, ಇದ್ರೆ ತಾನೇ?" ಮಾಲೀಕ ನಗುತ್ತಲೇ ಸ್ಟೋರ್‌ಕೀಪರನನ್ನು ದುರುಗುಟ್ಟಿ ನೋಡಿದ. ಗೋದಾಮಿಗೆ ಬೀಗ ಬಿದ್ದ ದಿನ ನಿನ್ನ ಅನ್ನಕ್ಕೂ ಕಲ್ಲು ಬಿತ್ತು ಅಂತ ತಿಳ್ಕೋ ಎಂದು ಅವನು ಮೊದಲೇ ಎಚ್ಚರಿಸಿದ್ದ.

ಅಮ್ಮ ಒಂದು ಸಲ ಕೆಮ್ಮಿಬಿಡಲಿ ಎಂದು ಸ್ಟೋರ್‌ಕೀಪರನ ಜೀವ ಬೇಡಿಕೊಂಡಿತು. ರಾತ್ರಿಯೆಲ್ಲ ನಿದ್ದೆ ಕೆಡಿಸುವ ಕೆಮ್ಮು, ಈಗ ಒಂದೇ ಒಂದು ಸಲ ಬಂದರೆ ಸಾಕು. ತನ್ನ ಬಾಯಲ್ಲಿ ಬಾರದ್ದನ್ನು ಅದೇ ಹೇಳಿಬಿಡುತ್ತದೆ. ಆಮೇಲೆ ನೀನು ಹೇಳಿದೆ ಎಂದು ಯಾರೂ ದೂರುವಂತಿಲ್ಲ. ಮೂವರೂ ಬಾಗಿಲ ಕಡೆ ಕಿವಿಗೊಟ್ಟು ನಿಂತರು. ಒಳಗೆ ಸದ್ದಿಲ್ಲ.

"ಯಾರೂ ಇಲ್ಲ ಮೇಡಂ," ಎಂದ.

ಆಕೆ ತಪಾಸಣೆ ವರದಿಗೆ ಸಹಿ ಹಾಕಿ ಹೊರಟಳು.

ಜೀಪು ಗೇಟು ದಾಟಿದ್ದೇ ತಡ, ಸ್ಟೋರ್‌ಕೀಪರ್ ಓಡಿದ. ಇಷ್ಟು ಹೊತ್ತು ಅಮ್ಮ ಕೆಮ್ಮದೆ ಇದ್ದದ್ದನ್ನು ಅವನು ಎಂದೂ ಕಂಡಿರಲಿಲ್ಲ. ಅವಸರದಲ್ಲಿ ಕೀಲಿ ಜಾರಿ ಬಿತ್ತು. ಹೆಕ್ಕಿಕೊಂಡು ಹೇಗೋ ಬೀಗ ತೆಗೆದ.

ಅಮ್ಮ ಬದುಕಿದ್ದಳು. ಹೊದಿಕೆಯ ಅಂಚನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಮುಖ ಕಪ್ಪಿಟ್ಟಿತ್ತು, ಕಣ್ಣಿಂದ ನೀರು ಸುರಿಯುತ್ತಿತ್ತು. ಮಗನನ್ನು ಕಂಡು ಬಟ್ಟೆಯನ್ನು ತುಸುವೇ ಸರಿಸಿ, ಅವನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿ, ಮೆಲ್ಲಗೆ ಕೇಳಿದಳು:

"ಈಗ ಕೆಮ್ಮಲೇನಪ್ಪಾ?"