ಬಿಳಿ ಗುಂಡಿಯ ಕೋಟು

ಮೊದಲು ಕೋಟು ಒಳಗೆ ಬಂತು. ಆಮೇಲೆ ನೋಡಿದರೆ ಅದರೊಳಗೆ ಇಂದ್ರೇಶ ಇದ್ದ. ಹೆಣ್ಣು ನೋಡಲು ಅರಸೀಕೆರೆಯಿಂದ ಬೇಲೂರಿಗೆ ಬಂದಿದ್ದ ಹುಡುಗನನ್ನು ಉಷಾರಾಣಿ ಅಡುಗೆಮನೆಯ ಬಾಗಿಲ ಸಂದಿಯಿಂದ ಇಣುಕಿದಳು. ಕತ್ತಿನವರೆಗೂ ಮುಚ್ಚಿದ ಕಪ್ಪು ಕೋಟು, ಕಪ್ಪು ಗುಂಡಿಗಳು, ಮೂರನೆಯದು ಮಾತ್ರ ಬಿಳಿ. ಆ ಗುಂಡಿ ಕಂಡದ್ದೇ ಅವಳ ಗುಂಡಿಗೆ ಕುಸಿಯಿತು. ಈ ಕೋಟು ಬೇಡ ಅಂತಲೇ ಅಲ್ಲವೇ ಅವಳು ಅಪ್ಪನ ಜೊತೆ ಮೂರು ದಿನ ಮಾತು ಬಿಟ್ಟಿದ್ದು?

ಹೋದ ತಿಂಗಳು ದಲ್ಲಾಳಿ ಷಡಕ್ಷರಪ್ಪ ಆರು ಗಂಡುಗಳ ಫೋಟೋ ತಂದು ಚಾಪೆಯ ಮೇಲೆ ಇಸ್ಪೀಟಿನ ಎಲೆಯಂತೆ ಹರಡಿದ್ದ. ಐದರಲ್ಲಿ ಮುಖ ಬೇರೆ ಬೇರೆ, ಬಿಳಿ ಗುಂಡಿಯ ಕೋಟು ಒಂದೇ. ಬೆನ್ನ ಹಿಂದೆ ಪರದೆಯ ಮೇಲೆ ಬರೆದ ಅದೇ ಕೆರೆ, ಅದೇ ಜೋಡಿ ಹಂಸ. ಅರಸೀಕೆರೆಯ ಸ್ಟುಡಿಯೋ ಒಂದರ ಮೊಳೆಗೆ ನೇತುಬಿದ್ದಿದ್ದ ಆ ಕೋಟು ಊರಿನ ಅರ್ಧ ಗಂಡಸರಿಗೆ ಮದುವೆ ಮಾಡಿಸಿತ್ತು, ಅದಕ್ಕೆ ಮಾತ್ರ ಇನ್ನೂ ಸಂಬಂಧ ಕೂಡಿ ಬಂದಿರಲಿಲ್ಲ. ಸಣಕಲರು ಹಾಕಿಕೊಂಡರೆ ಬೆನ್ನಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು, ದಪ್ಪನವರು ಹಾಕಿಕೊಂಡರೆ ಉಸಿರು ಬಿಗಿ ಹಿಡಿಯಬೇಕು, ಅಷ್ಟೇ. ಉಷಾರಾಣಿಯ ಅಪ್ಪ ಗಂಗಾಧರಪ್ಪನಿಗೆ ಐವರೂ ಆಫೀಸರುಗಳ ಹಾಗೆಯೇ ಕಂಡರು.

ಆರನೆಯದನ್ನು ಷಡಕ್ಷರಪ್ಪ ಬೋರಲು ಹಾಕಿದ್ದ. ಉಷಾರಾಣಿ ಅದನ್ನೇ ಎತ್ತಿ ನೋಡಿದಳು. ಗಿಳಿಹಸಿರು ಅಂಗಿ, ಕಾಲರಿಗೆ ಹಳದಿ ಅಂಚು, ಜೇಬು ಎದೆಯ ಮೇಲಲ್ಲ, ತೋಳಿನ ಮೇಲೆ. ಹುಡುಗ ನಗುತ್ತಿದ್ದ. ಕೊಬ್ಬರಿ ಮಂಡಿ ನೋಡಿಕೊಳ್ಳುತ್ತಾನೆ, ಗುಣವಂತ, ಆದರೆ ಅಂಗಿ ತಾನೇ ಹೊಲಿದುಕೊಳ್ಳುವ ಹುಚ್ಚು, ಫೋಟೋಕ್ಕೂ ಕೋಟು ಹಾಕಲೊಲ್ಲ ಅಂತ ಷಡಕ್ಷರಪ್ಪ ಹಳೇ ಕಾಯಿಲೆಯ ಸುದ್ದಿ ಹೇಳುವವನಂತೆ ದನಿ ತಗ್ಗಿಸಿ ಹೇಳಿದ. ಕರೆಸಿದರೆ ಇವನನ್ನೇ ಕರೆಸಿ ಅಂದಳು ಉಷಾರಾಣಿ. ಹುಟ್ಟಿದಾಗಿನಿಂದ ಬಿಳಿ ಅಂಗಿಯಲ್ಲೇ ಇದ್ದಾನೇನೋ ಎನ್ನುವಂತಿದ್ದ ಗಂಗಾಧರಪ್ಪ ಹೌಹಾರಿದ.

"ನಾಕು ಜನ ಹಾಕ್ಕೊಂಡಂಗೆ ಹಾಕ್ಕೋಬೇಕು ಕಣಮ್ಮ. ಕಾಗೆ ಗುಂಪಲ್ಲಿ ಗಿಳಿ ಬದುಕಲ್ಲ."

ಮೂರು ದಿನದ ಮೌನಕ್ಕೆ ಸೋತು ಕರೆಸಿದ್ದಾಯಿತು. ಹಿರಿಯರು ಆಮೇಲೆ ಬಂದರಾಯಿತು ಎಂದು ಹುಡುಗ ದಲ್ಲಾಳಿಯ ಜೊತೆ ಮಾತ್ರ ಬಂದಿದ್ದ. ಈಗ ನೋಡಿದರೆ ಗಿಳಿಯೇ ಕಾಗೆಯಾಗಿ ಕುರ್ಚಿಯ ತುದಿಯಲ್ಲಿ ಕೂತಿದೆ. ಸ್ಟುಡಿಯೋದಿಂದ ಕೋಟು ಬಾಡಿಗೆಗೆ ತಂದು, ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ತಾನೇ ಬಲವಂತವಾಗಿ ತೊಡಿಸಿದೆ ಅಂತ ಷಡಕ್ಷರಪ್ಪ ಹೆಮ್ಮೆಯಿಂದ ಹೇಳಿಕೊಂಡ. ಗಂಗಾಧರಪ್ಪನ ಮುಖ ಅರಳಿತು.

ಉಷಾರಾಣಿ ಕಾಫಿ ತಂದಳು. ಉಟ್ಟಿದ್ದು ಚಿಕ್ಕಪ್ಪ ದೊಡ್ಡಪ್ಪಂದಿರ ನಾಲ್ಕು ಹೆಣ್ಣುಮಕ್ಕಳನ್ನು ಇದೇ ಶಾಸ್ತ್ರದಿಂದ ದಾಟಿಸಿದ ಕೆಂಪು ರೇಷ್ಮೆ ಸೀರೆ. ಲೋಟ ಕೊಡುವಾಗ ಅವನ ಬೆನ್ನ ಮೇಲೆ ನೀಲಿ ಪ್ಲಾಸ್ಟಿಕ್ ಕ್ಲಿಪ್ಪು ಕಂಡಿತು. ಕುರ್ಚಿಗೆ ಒರಗಲು ಹೋಗಿ ಮತ್ತೆ ಮತ್ತೆ ಮುಂದಕ್ಕೆ ಬರುತ್ತಿದ್ದ. ಸುಮ್ಮನಿದ್ದರೆ ತನ್ನ ಮದುವೆ ಕೋಟಿನ ಜೊತೆ ಆಗಿಹೋಗುತ್ತದೆ ಅನ್ನಿಸಿತು ಅವಳಿಗೆ. ಕೇಳೋದಿದ್ದರೆ ಕೇಳಮ್ಮ ಅಂದ ಗಂಗಾಧರಪ್ಪ, ಯಾವ ಹುಡುಗಿಯೂ ಏನೂ ಕೇಳುವುದಿಲ್ಲ ಎಂಬ ಧೈರ್ಯದ ಮೇಲೆ.

"ಕ್ಲಿಪ್ಪು ಚುಚ್ತಾ ಇದೆಯಾ?" ಕೇಳಿದಳು ಉಷಾರಾಣಿ.

ಇಂದ್ರೇಶ ತಲೆ ಎತ್ತಿದ. "ಬಸ್‌ಸ್ಟ್ಯಾಂಡಿಂದ ಚುಚ್ತಾ ಇದೆ ಕಣ್ರೀ."

"ಹಂಗಾದ್ರೆ ಬಿಚ್ಚಿಡಿ. ಈ ಸೀರೆನೂ ನಂದಲ್ಲ. ನಾನು ಹಾಕೋದು ಜೇಬಿರೋ ಚೂಡಿದಾರ, ನಾನೇ ಹೊಲ್ಕೊಂಡಿದ್ದು."

"ಜೇಬು ಒಂದೋ, ಎರಡೋ?"

"ಎರಡು. ಕೈ ಎರಡಿದಾವಲ್ಲ."

ಇಂದ್ರೇಶ ನಕ್ಕ. ಫೋಟೋದಲ್ಲಿದ್ದ ಅದೇ ನಗು. ಕೋಟು ಕಳಚಿದರೆ ಒಳಗೆ ಗಿಳಿಹಸಿರು ಅಂಗಿ, ಹಳದಿ ಅಂಚು ಸಮೇತ. ಷಡಕ್ಷರಪ್ಪ ಕಣ್ಣು ಮುಚ್ಚಿಕೊಂಡ. ಗಂಗಾಧರಪ್ಪ ಗದರಲು ಬಾಯಿ ತೆರೆದ. ಅಷ್ಟರಲ್ಲಿ ಕೋಟು ಮಡಿಸಿಡಲು ಬಂದ ಉಷಾರಾಣಿಯ ಅಮ್ಮ ಗುರುಸಿದ್ದಮ್ಮ ಬಿಳಿ ಗುಂಡಿಯ ಮೇಲೆ ಬೆರಳಿಟ್ಟು ನಿಂತುಬಿಟ್ಟಳು. ಆಮೇಲೆ ಗೋಡೆಯ ಕಡೆ ನೋಡಿದಳು. ಎಲ್ಲರೂ ನೋಡಿದರು. ಇಪ್ಪತ್ತಾರು ವರ್ಷದ ಹಿಂದೆ, ಇನ್ನೂ ಅರಸೀಕೆರೆಯಲ್ಲೇ ಇದ್ದ ಗಂಗಾಧರಪ್ಪ ಹೆಣ್ಣಿನ ಮನೆಗೆ ಕಳಿಸಿದ್ದ ಕಪ್ಪು ಬಿಳುಪು ಫೋಟೋ ಅಲ್ಲಿತ್ತು. ಅದೇ ಕೆರೆ, ಅದೇ ಹಂಸ. ಕೋಟಿನಲ್ಲಿ ಮೂರನೆಯ ಗುಂಡಿ ಬಿಳಿ. ವಾರಕ್ಕೊಮ್ಮೆ ಅದರ ಧೂಳು ಒರೆಸುವ ಉಷಾರಾಣಿಗೂ ಇಷ್ಟು ವರ್ಷ ಅದು ಕಂಡಿರಲಿಲ್ಲ.

"ನಾನೂ ಇದನ್ನೇ ನೋಡಿ ಒಪ್ಪಿದ್ದು," ಅಂದಳು ಗುರುಸಿದ್ದಮ್ಮ. "ಕೋಟಿನ ಒಳಗಿರೋರಿಗೆ ಬಣ್ಣ ಅಂದ್ರೆ ಪ್ರಾಣ ಅಂತ ತಿಳಿಯೋಕೆ ಹತ್ತು ವರ್ಷ ಹಿಡೀತು. ಇವತ್ತಿಗೂ ನಂಗೆ ಸೀರೆ ಆರಿಸೋದು ಇವರೇ. ತಮಗೆ ಮಾತ್ರ ಬಿಳೀದು."

ಗಂಗಾಧರಪ್ಪ ತೆರೆದ ಬಾಯಿ ಮುಚ್ಚಿದ. ಷಡಕ್ಷರಪ್ಪ ಕೋಟನ್ನು ಚೀಲಕ್ಕೆ ತುರುಕಿದ, ಮೂರು ಗಂಟೆಗೆ ಮಾದಿಹಳ್ಳಿಯಲ್ಲಿ ಅದಕ್ಕೆ ಇನ್ನೊಂದು ಹೆಣ್ಣು ನೋಡುವುದಿತ್ತು. ಗಂಗಾಧರಪ್ಪ ಎದ್ದು ಬಂದು, ಕೊಬ್ಬರಿ ಪರೀಕ್ಷೆ ಮಾಡುವವನಂತೆ ಇಂದ್ರೇಶನ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ.

"ಈ ಹಳದಿ ಅಂಚು... ಹೊಟ್ಟೆ ಬಂದೋರಿಗೂ ಒಪ್ತದಾ?"

ಇಂದ್ರೇಶ ತೋಳಿನ ಜೇಬಿಗೆ ಕೈ ಹಾಕಿ ಅಳತೆ ಟೇಪು ಹೊರಗೆಳೆದ. ಗಂಗಾಧರಪ್ಪ ಸೀದಾ ನಿಂತು, ಎರಡೂ ತೋಳು ಅಗಲಿಸಿ, ಫೋಟೋಕ್ಕೆ ನಿಂತವನ ಹಾಗೆ ಉಸಿರು ಬಿಗಿ ಹಿಡಿದ.

"ಹೊಟ್ಟೆ ಎಳ್ಕೋಬೇಡಿ ಮಾವ," ಅಂದ ಇಂದ್ರೇಶ. "ಇದ್ದಂಗೇ ಇರಿ."