ಬಿಸಿಲಿಗೆ ಹಚ್ಚುವ ಮುಲಾಮು

ಔಷಧದಂಗಡಿಯ ಕೌಂಟರಿನ ಮುಂದೆ ನಿಂತಿದ್ದಾತ ಮೂರನೆಯ ಸನ್‌ಸ್ಕ್ರೀನನ್ನೂ ತನ್ನ ಮುಂಗೈಗೆ ಹಚ್ಚಿ, ಮೆಲ್ಲಗೆ ತಿಕ್ಕಿ ನೋಡಿದ.

"ಇದು ಉರಿಯಂಗಿಲ್ಲ. ಮಾರಿಗೂ ಮೈಗೂ ನಡೀತೈತೇನವ್ವಾ?"

"ನಡೀತೈತ್ರಿ ಕಾಕಾ, ಜಿಂಕ್ ಆಕ್ಸೈಡ್ ಹಾಕಿದ ಮುಲಾಮು. ಆದ್ರ ವಿಭೂತಿ ಬಳಕೊಂಡಂಗ ಬೆಳ್ಳಗ ಕಾಣತೈತಿ," ಎಂದಳು ಶಿವಲೀಲಾ.

ಹಾಗೆಂದ ಕೂಡಲೇ ಗಿರಾಕಿಗಳು ಟ್ಯೂಬನ್ನು ಹಿಂದಕ್ಕೆ ತಳ್ಳುವವರೇ. ಈತ ತಳ್ಳಲಿಲ್ಲ.

"ಕಾಣಲಿ. ಹೆಂಗೂ ಮ್ಯಾಲ ವಿಭೂತಿ ಹಚ್ಚೂದ ಐತಿ. ಮಗಳಿಗೆ ಬೊಬ್ಬಿ ಏಳಬಾರದು, ಅಷ್ಟ. ಹುಟ್ಟಿದಾಗಿಂದ ಅಕಿಗೆ ಬಿಸಿಲು ಆಗಂಗಿಲ್ಲ. ಹತ್ತೊಂಬತ್ತು ವರ್ಷ ಹಗಲೊತ್ತಿನ್ಯಾಗ ಹೊಸ್ತಿಲಾ ದಾಟಿಲ್ಲ."

ಶಿವಲೀಲಾ ಟ್ಯೂಬಿನ ಮುಚ್ಚಳ ತಿರುಗಿಸಿ ಹಾಕಿದಳು. "ಇವತ್ತ ಹೊರಗ ಬರ್ತಾಳೇನ್ರಿ?"

"ಹೂಂ. ಹೊಸಾ ಸೀರಿ ಉಡಿಸ್ಯಾರ. ಮಾಲಿ ಹಾಕಿ, ಕುರ್ಚಿ ಮ್ಯಾಲ ಕೂಡಿಸಿ, ಬಾಜಾ ಬಜಂತ್ರಿ ಹಚ್ಚಿ ಊರಾಗಿಂದ ಮೆರವಣಿಗಿ ಒಯ್ತಾರ. ನಮ್ಮೊಳಗ ಮಾರಿ ಮುಚ್ಚೂ ಪದ್ಧತಿ ಇಲ್ಲ. ಬಿಸಿಲು ನೆಟ್ಟಗ ಮಾರಿಗೇ ಬಡೀತೈತಿ."

ಅಂತೂ ಆ ಹುಡುಗಿಗೂ ಕಂಕಣಬಲ ಕೂಡಿಬಂತಲ್ಲ ಎಂದು ಶಿವಲೀಲಾಳ ಮುಖ ಅರಳಿತು. ಮೇಲಿನ ಹಲಗೆಯಿಂದ ಅದೇ ಮುಲಾಮಿನ ದೊಡ್ಡ ಟ್ಯೂಬನ್ನು ತೆಗೆದು ಮುಂದಿಟ್ಟಳು.

"ಇದನ್ನ ಒಯ್ಯಿರಿ ಕಾಕಾ. ಒಂದ್ಸಲ ಹಚ್ಚಿದ್ರ ಸಾಲಂಗಿಲ್ಲ, ಎರಡು ತಾಸಿಗೊಮ್ಮೆ ಮತ್ತ ಹಚ್ಚಬೇಕು. ಮರೀಬ್ಯಾಡ್ರಿ."

ಆತ ದೊಡ್ಡ ಟ್ಯೂಬನ್ನು ಅವಳ ಕಡೆಗೇ ಸರಿಸಿದ.

"ಸಣ್ಣದ ಸಾಕವ್ವಾ. ಎರಡು ತಾಸಿನೊಳಗ ಅಕಿನ್ನ ಮಣ್ಣು ಮಾಡಿರ್ತೀವಿ."